ಹದ ಬಂದ ಚರ್ಮ, ಅಥಣಿಯ ಚಪ್ಪಲಿ

ಅಥಣಿಯಲ್ಲಿ ಹೊಲಿದ ಚಪ್ಪಲಿಯೊಂದನ್ನು ಕೈಗೆತ್ತಿಕೊಂಡು ಮೊದಲು ಅದರ ಅಂಚನ್ನು ನೋಡಬೇಕು. ಅಟ್ಟೆಯ ಮೇಲಿಂದ ಕೆಳಗಿನವರೆಗೂ ಒಂದೇ ಕಂದು. ಕ್ರೋಮಿಯಂ ಲವಣ ಹಾಕಿ ಹದ ಮಾಡಿದ ಚರ್ಮವನ್ನು ಕೊಯ್ದರೆ ಬಣ್ಣದ ಕೆಳಗೆ ನಸುನೀಲಿ ಇಣುಕುವುದುಂಟು, ಇಲ್ಲಿ ಅದಿಲ್ಲ. ಎಲ್ಲಿ ಹುಡುಕಿದರೂ ಮೊಳೆ ಸಿಗುವುದಿಲ್ಲ. ಅಟ್ಟೆಯ ಪದರಗಳನ್ನು ಕೂಡಿಸಿರುವುದು ಚರ್ಮದಿಂದಲೇ ಸೀಳಿ ತೆಗೆದ ದಾರ. ಅಟ್ಟೆ ಎಮ್ಮೆ ಚರ್ಮದ್ದು, ಮೇಲಿನ ನವಿರು ಜಡೆ ಆಡಿನ ಚರ್ಮದ್ದು. ಎಲ್ಲ ಸವೆದು ಎಸೆದ ಮೇಲೂ ಮಣ್ಣಿಗೆ ಭಾರವಾಗದ ವಸ್ತು ಇದು.

ಪೇಟೆಯಲ್ಲಿ ಇದರ ಹೆಸರು ಕೊಲ್ಹಾಪುರಿ. ಆದರೆ ಕೊಲ್ಹಾಪುರಿ ಎಂದು ಮಾರಾಟವಾಗುವ ಚಪ್ಪಲಿಗಳಲ್ಲಿ ಎಷ್ಟೋ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಮನೆಗಳಲ್ಲಿ ಹೊಲಿಸಿಕೊಂಡು ಹೋಗಿರುತ್ತವೆ. ಅಥಣಿ ತಾಲ್ಲೂಕಿನ ಮದಭಾವಿಯಂಥ ಊರುಗಳಲ್ಲಿ ಓಣಿಗಟ್ಟಲೆ ಮನೆಗಳಿಗೆ ಇದೇ ಕಸುಬು. 1956ರವರೆಗೆ ಈ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ಸಂತೆ, ವ್ಯಾಪಾರ, ನೆಂಟಸ್ತಿಕೆ ಎಲ್ಲವೂ ಮಿರಜ, ಸಾಂಗ್ಲಿ, ಕೊಲ್ಹಾಪುರಗಳ ಕಡೆಗೇ. ಕೊಲ್ಹಾಪುರದಲ್ಲಿ ರಾಜರ್ಷಿ ಶಾಹೂ ಮಹಾರಾಜರು ಚರ್ಮೋದ್ಯಮಕ್ಕೆ ಕೊಟ್ಟ ಪ್ರೋತ್ಸಾಹವೂ ದೊಡ್ಡದು. ಹೀಗಾಗಿ ಮಾರಿದ ಊರಿನ ಹೆಸರು ಉಳಿಯಿತು, ಹೊಲಿದ ಊರಿನದು ಹಿಂದೆ ಸರಿಯಿತು.

ಈ ಕಸುಬಿನ ಬಗ್ಗೆ ಬರೆಯುವವರೆಲ್ಲ ಜಡೆಯ ಚೆಂದದಿಂದ ಆರಂಭಿಸುತ್ತಾರೆ. ನನಗೆ ಮಾತ್ರ ಇದರ ಪ್ರಾಣ ಇರುವುದು ಅದಕ್ಕೂ ಮೊದಲಿನ ಕೆಲಸದಲ್ಲಿ, ಚರ್ಮ ಹದ ಮಾಡುವುದರಲ್ಲಿ ಅನಿಸುತ್ತದೆ. ಹಸಿ ತೊಗಲು ಎರಡು ದಿನಕ್ಕೆ ಕೊಳೆಯುತ್ತದೆ, ಒಣಗಿಸಿದರೆ ಸೆಟೆದು ಮುರಿಯುತ್ತದೆ. ಅದನ್ನು ವರ್ಷಗಟ್ಟಲೆ ಬಿಸಿಲು, ಬೆವರು, ಕಲ್ಲುಮುಳ್ಳು ತಡೆಯುವ ಚರ್ಮವಾಗಿ ಮಾರ್ಪಡಿಸುವ ವಿದ್ಯೆಗೆ ಬೇಕಾದ ಸಾಮಾನು ಮೂರೇ: ಸುಣ್ಣ, ಜಾಲಿಯ ತೊಗಟೆ, ಅಳಲೆಕಾಯಿ. ಜಾಲಿ ಬಯಲುಸೀಮೆಯ ಎರೆಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಮರ. ಅಳಲೆ ತ್ರಿಫಲೆಯ ಮೂರು ಕಾಯಿಗಳಲ್ಲಿ ಒಂದು, ಸಹ್ಯಾದ್ರಿಯ ಮಗ್ಗುಲಿನ ಕಾಡಿನದು. ಎರಡೂ ಸೀಮೆಗಳಿಗೆ ಹತ್ತಿರವಿದ್ದು, ಕೃಷ್ಣೆಯ ನೀರೂ ಎಮ್ಮೆಗಳೂ ಇರುವ ಊರುಗಳಲ್ಲಿ ಈ ಕಸುಬು ಬೇರು ಬಿಟ್ಟಿದ್ದು ಸಹಜವೇ.

ಉಪ್ಪು ಹಚ್ಚಿ ತಂದ ತೊಗಲನ್ನು ತೊಳೆದು, ನೆನೆಸಿ, ಸುಣ್ಣದ ತೊಟ್ಟಿಯಲ್ಲಿ ದಿನಗಟ್ಟಲೆ ಮುಳುಗಿಸಿಡುತ್ತಾರೆ. ಕೂದಲಿನ ಬುಡ ಸಡಿಲವಾಗುತ್ತದೆ. ಮೊಂಡು ಅಲಗಿನಿಂದ ಕೂದಲನ್ನೂ, ಹರಿತವಾದದ್ದರಿಂದ ಒಳಮಗ್ಗುಲಿನ ಮಾಂಸದ ಪೊರೆಯನ್ನೂ ಹೆರೆದು ತೆಗೆಯುತ್ತಾರೆ. ಆಮೇಲೆ ಸುಣ್ಣ ಹೋಗುವವರೆಗೆ ತೊಳೆತ. ಕುಟ್ಟಿದ ತೊಗಟೆ ಮತ್ತು ಕಾಯಿಯ ಪುಡಿ ನೆನೆಸಿದ ಒಗರು ನೀರಿಗೆ ತೊಗಲನ್ನು ಇಳಿಸುವುದು ಅದಾದ ಮೇಲೆ. ಇಲ್ಲಿ ಅವಸರಕ್ಕೆ ಜಾಗವಿಲ್ಲ. ಮೊದಲ ದಿನವೇ ಗಟ್ಟಿ ಒಗರಿಗೆ ಹಾಕಿದರೆ ಮೇಲ್ಮೈ ಮಾತ್ರ ಬಿಗಿದುಕೊಂಡು ಒಳಗೆ ಹಸಿಯೇ ಉಳಿಯುತ್ತದೆ. ಆದ್ದರಿಂದ ಮೊದಲು ತೆಳು ನೀರು, ಬರಬರುತ್ತ ಗಟ್ಟಿ.

ಕೊನೆಯ ಹಂತದಲ್ಲಿ ತೊಗಲಿನ ಅಂಚುಗಳನ್ನು ಹೊಲಿದು ಚೀಲ ಮಾಡುತ್ತಾರೆ. ಅದರೊಳಗೆ ತೊಗಟೆ ತುಂಬಿ, ಕಂಬಕ್ಕೆ ನೇತುಹಾಕಿ, ಬಾಯಿಯಿಂದ ಒಗರು ನೀರು ಸುರಿಯುತ್ತಾರೆ. ಅದು ಚರ್ಮದ ರಂಧ್ರಗಳಿಂದ ತೊಟ್ಟುತೊಟ್ಟಾಗಿ ಜಿನುಗಿ ಕೆಳಗಿನ ಪಾತ್ರೆ ಸೇರುತ್ತದೆ. ಅದನ್ನೇ ಎತ್ತಿ ಮತ್ತೆ ಒಳಗೆ ಸುರಿಯುತ್ತಾರೆ. ಕೆಲವು ದಿನ ಕಳೆದ ಮೇಲೆ ಹೊಲಿಗೆ ಬಿಚ್ಚಿ, ಚೀಲವನ್ನು ತಲೆಕೆಳಗು ಮಾಡಿ, ಇನ್ನೊಂದು ತುದಿಯಿಂದ ಇದೇ ಕೆಲಸ. ಹೊರಗಿನಿಂದ ಒಳಕ್ಕೆ ಹೀರಿಕೊಳ್ಳಲು ತಿಂಗಳುಗಳು ಬೇಕಾಗುವ ದಪ್ಪ ಎಮ್ಮೆ ಚರ್ಮಕ್ಕೆ ಒಳಗಿನಿಂದಲೇ ಒಗರು ಉಣಿಸುವ ಈ ಉಪಾಯ ಯಾರಿಗೆ ಮೊದಲು ಹೊಳೆಯಿತೋ, ಅವರು ರಸಾಯನಶಾಸ್ತ್ರದ ಹೆಸರು ಕೇಳದೆಯೇ ಅದನ್ನು ಅರಗಿಸಿಕೊಂಡಿದ್ದರು. ಒಗರಿನಲ್ಲಿರುವ ಟ್ಯಾನಿನ್ ಚರ್ಮದ ಕೊಲ್ಯಾಜೆನ್ ಎಳೆಗಳನ್ನು ಹಿಡಿದುಕೊಂಡು, ಅಲ್ಲಿದ್ದ ನೀರಿಗೆ ಜಾಗವಿಲ್ಲದಂತೆ ಮಾಡುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಆ ಎಳೆಗಳು ಮತ್ತೆ ದಕ್ಕುವುದಿಲ್ಲ.

ಕ್ರೋಮ್ ಹದದ ಯಶಸ್ವಿ ವಿಧಾನಕ್ಕೆ ಅಮೆರಿಕದಲ್ಲಿ ಆಗಸ್ಟಸ್ ಷುಲ್ಟ್ಸ್ ಪೇಟೆಂಟ್ ಪಡೆದದ್ದು 1884ರಲ್ಲಿ. ವಾರಗಟ್ಟಲೆಯ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಇವತ್ತು ಜಗತ್ತಿನ ಚರ್ಮದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಆ ದಾರಿಯದು. ಕ್ರೋಮ್ ಹದದಲ್ಲಿ ಉಳಿಯುವ ಕೆಸರನ್ನು ಸರಿಯಾಗಿ ನಿರ್ವಹಿಸದಿದ್ದರೆ ನದಿಗೂ ಅಂತರ್ಜಲಕ್ಕೂ ಆಗುವ ಹಾನಿಯನ್ನು ಈ ದೇಶ ಚೆನ್ನಾಗಿ ಕಂಡಿದೆ. ಹಾಗೆಂದು ತೊಗಟೆಯ ಹದವೂ ಹೊರೆಯಿಲ್ಲದ್ದೇನಲ್ಲ. ಅದಕ್ಕೂ ಕೊಡಗಟ್ಟಲೆ ನೀರು ಬೇಕು, ಸುಣ್ಣದ ಕೆಸರು ಉಳಿಯುತ್ತದೆ, ಬೇಕಾಬಿಟ್ಟಿ ಸುಲಿದರೆ ಮರ ಸಾಯುತ್ತದೆ. ಆದರೆ ಅಲ್ಲಿ ಉಳಿಯುವ ಕಸ ಮರದ್ದು, ಕಾಯಿಯದು, ಸುಣ್ಣದ್ದು. ಈ ವ್ಯತ್ಯಾಸ ನನಗೆ ಸಣ್ಣದಾಗಿ ಕಾಣುವುದಿಲ್ಲ.

ಹದವಾದ ಚರ್ಮ ಮನೆಗೆ ಬಂದ ಮೇಲೆ ಕೆಲಸ ಹಂಚಿಹೋಗುತ್ತದೆ. ಅಳತೆಯ ತಗಡು ಇಟ್ಟು ರಂಪಿಗೆಯಿಂದ ಅಟ್ಟೆ ಕೊಯ್ಯುವುದು, ನೀರು ಚಿಮುಕಿಸಿ ಬಡಿದು ಬಿಗಿ ಮಾಡುವುದು ಸಾಮಾನ್ಯವಾಗಿ ಗಂಡಸರ ಪಾಲು. ಮೇಲಿನ ಪಟ್ಟಿ, ಅಕ್ಕಪಕ್ಕದ ಕಿವಿಗಳು, ಹೆಬ್ಬೆರಳು ಹಿಡಿಯುವ ಉಂಗುಟ, ಗೊಂಡೆ, ಜಡೆ ಇವೆಲ್ಲ ಹೆಂಗಸರ ಕೈಯದು. ಆಡಿನ ಚರ್ಮವನ್ನು ದಾರದಷ್ಟು ತೆಳುವಾಗಿ ಸೀಳಿ, ಒಂದು ತುದಿಯನ್ನು ಕಾಲ್ಬೆರಳಿನಲ್ಲಿ ಹಿಡಿದು ಜಡೆ ಹೆಣೆಯುತ್ತಾರೆ. ಎಳೆ ಒಂದು ಕಡೆ ಬಿಗಿದು ಇನ್ನೊಂದು ಕಡೆ ಸಡಿಲಾದರೆ ಪಟ್ಟಿಯ ಮೇಲೆ ಅದು ನೇರ ಕೂರುವುದಿಲ್ಲ. ಇದೆಲ್ಲ ನಡೆಯುವುದು ಅಡುಗೆಯ ನಡುವೆ, ಮಕ್ಕಳನ್ನು ಶಾಲೆಗೆ ಕಳಿಸುವುದರ ನಡುವೆ, ಬೆಳಕು ಚೆನ್ನಾಗಿರುವ ಪಡಸಾಲೆಯಲ್ಲಿ. ಹಳೆಯ ಕಾಲದ ಗಟ್ಟಿ ಚಪ್ಪಲಿಗಳಲ್ಲಿ ಎರಡು ಅಟ್ಟೆಗಳ ನಡುವೆ ಬೀಜವೊಂದನ್ನು ಸೇರಿಸಿ ಹೊಲಿಯುವ ರೂಢಿಯೂ ಇತ್ತು. ನಡೆದರೆ ಕರಕರ ಸದ್ದು ಬರುತ್ತಿತ್ತು, ಆ ಸದ್ದಿಗಾಗಿಯೇ ಬೇಡಿಕೆಯಿತ್ತು.

ಚರ್ಮದ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆಯುತ್ತ ಹನ್ನೆರಡನೆಯ ಶತಮಾನದ ಶರಣರ ಕಲ್ಯಾಣವನ್ನು ನೆನೆಯದಿರುವುದು ಸಾಧ್ಯವಿಲ್ಲ. ಮಾದಾರ ಚೆನ್ನಯ್ಯನವರದ್ದೆಂದು ದೊರೆತಿರುವ ವಚನಗಳ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಟಗಳಿವೆ. ತನ್ನ ಹತಾರುಗಳನ್ನು ದೇವರ ಹೆಸರಿನ ಪಕ್ಕ ಕೂರಿಸಿದ ಕವಿ ಅವರು. ಬಸವಣ್ಣನವರು ಅವರನ್ನು ಅಪ್ಪ ಎಂದು ಕರೆದರು, ಚರ್ಮ ಹದ ಮಾಡುವ ಕಾಯಕದ ಡೋಹರ ಕಕ್ಕಯ್ಯನವರನ್ನೂ ತಮ್ಮ ಕುಲದ ಹಿರಿಯರ ಸಾಲಿಗೆ ಸೇರಿಸಿಕೊಂಡರು. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆ ಉತ್ತರ ಕರ್ನಾಟಕದ ಮನೆಮನೆಯಲ್ಲಿದೆ. ಆ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಆದ ಮದುವೆಗೆ ದೊರೆ ಬಿಜ್ಜಳನ ಆಳ್ವಿಕೆ ಕೊಟ್ಟ ಉತ್ತರ ಎಳೆದು ಕೊಲ್ಲುವ ಎಳೆಹೂಟೆಯ ಶಿಕ್ಷೆ. ಇಷ್ಟು ಶತಮಾನಗಳ ಮೇಲೂ ಹದ ಮಾಡುವವರ ತೊಟ್ಟಿಗಳು ಊರಾಚೆಯೇ ಇವೆ. ಚಪ್ಪಲಿ ಹೊಸಿಲವರೆಗೆ ಬರುತ್ತದೆ, ಮಾಡಿದ ಕೈಗಳನ್ನು ಒಳಗೆ ಕರೆಯಲು ಊರು ಇನ್ನೂ ಅನುಮಾನಿಸುತ್ತದೆ. ನೈಸರ್ಗಿಕ ಚರ್ಮ ಎಂದು ಸಂಭ್ರಮಿಸುವ ನಾವು ಆ ವಾಸನೆಯನ್ನೂ ಆ ದೂರವನ್ನೂ ಒಂದು ಸಮುದಾಯಕ್ಕೇ ಬಿಟ್ಟುಕೊಟ್ಟಿದ್ದೇವೆ.

ಕರ್ನಾಟಕದ ಲಿಡ್ಕರ್, ಅಂದರೆ ಡಾ. ಬಾಬು ಜಗಜೀವನರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಮತ್ತು ಮಹಾರಾಷ್ಟ್ರದ ಇಂಥದೇ ನಿಗಮ ಲಿಡ್ಕಾಂ ಜೊತೆಯಾಗಿ ಹೋರಾಡಿದ್ದರಿಂದ ಈ ಚಪ್ಪಲಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ದೊರೆತಿದೆ. 2019ರಲ್ಲಿ ಆ ಸುದ್ದಿ ಬಂದಾಗ ಎರಡೂ ರಾಜ್ಯಗಳಿಂದ ನಾಲ್ಕು ನಾಲ್ಕು ಜಿಲ್ಲೆಗಳ ಹೆಸರಿತ್ತು: ಅತ್ತ ಕೊಲ್ಹಾಪುರ, ಸಾಂಗ್ಲಿ, ಸಾತಾರ, ಸೊಲ್ಲಾಪುರ, ಇತ್ತ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಅದಕ್ಕೂ ಬಹಳ ಮೊದಲೇ ಅಥಣಿಯಲ್ಲಿ ಟೋಹೋಲ್ಡ್ ಎಂಬ ಕುಶಲಕರ್ಮಿಗಳ ಒಕ್ಕೂಟ ಹೆಂಗಸರ ಸ್ವಸಹಾಯ ಗುಂಪುಗಳನ್ನು ಕಟ್ಟಿ, ವಿದೇಶದ ಪಾದದ ಅಳತೆಗಳಿಗೆ ಹೊಂದುವಂತೆ ಚಪ್ಪಲಿ ಮಾಡಿಸಿ ರಫ್ತು ಮಾಡಲಾರಂಭಿಸಿತ್ತು. ಮನೆಗೆಲಸದ ಮುಂದುವರಿಕೆ ಎಂದು ಲೆಕ್ಕಕ್ಕೇ ಸಿಗದಿದ್ದ ಹೆಂಗಸರ ದುಡಿಮೆಗೆ ಅವರ ಹೆಸರಿನಲ್ಲೇ ಬೆಲೆ ಕಟ್ಟಿದ್ದು ಆ ಪ್ರಯತ್ನದ ದೊಡ್ಡ ಸಂಗತಿ.

2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ಬಗೆಯ ಚಪ್ಪಲಿಗಳನ್ನು ರೂಪದರ್ಶಿಗಳ ಕಾಲಿಗೆ ತೊಡಿಸಿ, ಅವು ಎಲ್ಲಿಯವು ಎಂಬುದನ್ನು ಹೇಳದೆ ಬಿಟ್ಟಿತು. ಇಲ್ಲಿ ಸಿಟ್ಟು ಎದ್ದಿತು. ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಲಿಡ್ಕಾಂ, ಲಿಡ್ಕರ್ ಎರಡರ ಜೊತೆಗೂ ಒಪ್ಪಂದಕ್ಕೆ ಸಹಿ ಬಿತ್ತು. ಇಲ್ಲಿನ ಕುಶಲಕರ್ಮಿಗಳಿಂದ 2,000 ಜೋಡಿ ಮಾಡಿಸುವುದು, ಜೋಡಿಗೆ ಸುಮಾರು 800 ಯೂರೋ ಬೆಲೆ ಎಂಬುದು ಆಗ ಹೇಳಲಾದ ಯೋಜನೆ. ಅಥಣಿಯ ಒಂದು ಜೋಡಿಗೆ ಸಂತೆಯಲ್ಲಿ ಚೌಕಾಸಿ ಮಾಡಿ ನೂರು ರೂಪಾಯಿ ಇಳಿಸುವ ನಾವು ಆ ಬೆಲೆಯನ್ನು ಕೇಳಿ ಬೆರಗಾಗುವುದಕ್ಕಿಂತ, ಆ ಹಣದಲ್ಲಿ ಜಡೆ ಹೆಣೆದವರಿಗೆ ಸೇರುವುದೆಷ್ಟು ಎಂದು ಕೇಳಬೇಕು. ಕೇಳುವ ಹಕ್ಕೂ ಎರಡು ನಿಗಮಗಳಿಗೆ ಇದೆ.

ನನ್ನ ಆತಂಕ ಇನ್ನೂ ಒಂದಿದೆ. ಜಡೆ ಹೆಣೆಯುವವರು ಉಳಿದಿದ್ದಾರೆ, ತೊಗಟೆಯ ಒಗರಿನಲ್ಲಿ ಹದ ಮಾಡುವವರು ಕಡಿಮೆಯಾಗುತ್ತಿದ್ದಾರೆ. ಗೋಹತ್ಯೆ ಕಾನೂನುಗಳು ಬಿಗಿಯಾದ ಮೇಲೆ ಹಸಿ ತೊಗಲು ಸಿಗುವುದೂ ಸಾಗಿಸುವುದೂ ಕಷ್ಟ. ಎಷ್ಟೋ ಮನೆಗಳಿಗೆ ಈಗ ಹದವಾದ ಚರ್ಮ ತಮಿಳುನಾಡಿನ ಟ್ಯಾನರಿಗಳಿಂದ ಬರುತ್ತದೆ. ಓದಿದ ಮಕ್ಕಳು ಸುಣ್ಣದ ತೊಟ್ಟಿಗೆ ಇಳಿಯಲು ಒಪ್ಪುವುದಿಲ್ಲ, ಒಪ್ಪಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಕೈಗವಸು, ನೀರು ಶುದ್ಧಿಯ ಘಟಕ, ಎತ್ತಿಳಿಸುವ ಯಂತ್ರ, ಮರ್ಯಾದೆಯ ಕೂಲಿ ಇದ್ದ ಹದದ ಕೇಂದ್ರವೊಂದು ಅಥಣಿಯಲ್ಲೇ ಬಂದರೆ ಲೆಕ್ಕ ಬೇರೆಯಾದೀತು.

ಕೊಳ್ಳುವವರಿಗೆ ಎರಡು ಮಾತು. ಹೊಸ ಜೋಡಿ ಮೊದಲ ವಾರ ಕಚ್ಚುತ್ತದೆ. ಉಂಗುಟಕ್ಕೂ ಪಟ್ಟಿಯ ಒಳಮಗ್ಗುಲಿಗೂ ರಾತ್ರಿ ಹರಳೆಣ್ಣೆ ಸವರಿಟ್ಟು, ಮನೆಯೊಳಗೆ ಸ್ವಲ್ಪ ಹೊತ್ತು ಮೆಟ್ಟಿ ಅಡ್ಡಾಡಿದರೆ ಚರ್ಮ ಪಾದದ ಆಕಾರಕ್ಕೆ ಒಗ್ಗುತ್ತದೆ. ಮಳೆಗಾಲದಲ್ಲಿ ತೆಗೆದಿಡಬೇಕು. ನೆನೆದರೆ ನೆರಳಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಅಟ್ಟೆ ಸೆಟೆಯುತ್ತದೆ. ಹೊಲಿಗೆ ಚರ್ಮದ ದಾರದ್ದಾದ್ದರಿಂದ ಕೆಳಗಿನ ಅಟ್ಟೆ ಸವೆದಾಗ ಅದನ್ನು ಬಿಚ್ಚಿ ಬೇರೆ ಹಾಕಿಸಿಕೊಳ್ಳಬಹುದು, ಮೇಲಿನ ಜಡೆಗೆ ಏನೂ ಆಗುವುದಿಲ್ಲ.