ನಿಮಗಿದು ಗೊತ್ತೆ? ಮುಂಬೈಗಿತ್ತು ತನ್ನದೇ ಗಂಟೆ!

ಮುಂಬೈಯಲ್ಲಿ 1955ರವರೆಗೂ ಎರಡು ಸಮಯ ಚಾಲ್ತಿಯಲ್ಲಿದ್ದವು! ಬೋರಿಬಂದರ್ ರೈಲು ನಿಲ್ದಾಣದಲ್ಲಿ ಬೆಳಿಗ್ಗೆ 10 ಹೊಡೆದಾಗ, ರಸ್ತೆಯಾಚೆಯ ನಗರಪಾಲಿಕೆಯ ಲೆಕ್ಕದಲ್ಲಿ ಇನ್ನೂ 9 ಗಂಟೆ 21 ನಿಮಿಷ.

ಬ್ರಿಟಿಷ್ ಸರ್ಕಾರ 1906ರ ಜನವರಿ 1ರಂದು ದೇಶಕ್ಕೆಲ್ಲ ಒಂದೇ ಸಮಯ ಜಾರಿಗೆ ತಂದಿತು. ರೈಲ್ವೆ, ಅಂಚೆ, ತಂತಿ ಇಲಾಖೆಗಳು ತಕರಾರಿಲ್ಲದೆ ಒಪ್ಪಿದವು. ಪಾಲಿಕೆ ಮಾತ್ರ ಜಗ್ಗಲಿಲ್ಲ. 39 ನಿಮಿಷ ಹಿಂದಿದ್ದ ‘ಬಾಂಬೆ ಟೈಮ್’ಗೇ ಅಂಟಿಕೊಂಡಿತು. ಹಟದಲ್ಲಿ ಜೊತೆಗಿದ್ದ ಕಲ್ಕತ್ತಾ ಕೂಡ 1948ರಲ್ಲಿ ಸೋತಿತು.

ಸಿಟ್ಟು ಕಚೇರಿಗಳಿಗಷ್ಟೇ ಸೀಮಿತವಾಗಿರಲಿಲ್ಲ. ಹೊಸ ಸಮಯವೆಂದರೆ ಗಿರಣಿ ಕಾರ್ಮಿಕರು 39 ನಿಮಿಷ ಮೊದಲೇ ಹಾಸಿಗೆ ಬಿಡಬೇಕು! ಅದೇ ಜನವರಿಯಲ್ಲಿ ಜೇಕಬ್ ಸಸೂನ್ ಗಿರಣಿಯವರು ಕೆಲಸ ಬಿಟ್ಟು ಹೊರಬಂದು, ಗಿರಣಿಯ ಗಡಿಯಾರಕ್ಕೇ ಕಲ್ಲು ಬೀರಿದರು.