ಕೆರೆಯ ಕೊಪ್ಪರಿಗೆ

ಕಲಬುರಗಿಯ ಐವಾನ್-ಎ-ಶಾಹಿ, ಹೈದರಾಬಾದಿನ ನಿಜಾಮರು ಬಂದಾಗ ತಂಗಲೆಂದು ಕಟ್ಟಿದ ಅತಿಥಿಗೃಹ. ಹೆಸರಿನ ಅರ್ಥವೇ ರಾಜಭವನ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, ಕಟ್ಟಡ ಉಳಿಯಿತು. ಇಂಥ ಮನೆಯನ್ನು ಕಂಡೊಡನೆ, ಒಳಗಿನ ಕುರ್ಚಿಯೋ ಕನ್ನಡಿಯೋ ತನ್ನ ಹಳೆಯ ಒಡೆಯನನ್ನು ಇನ್ನೂ ಮರೆತಿರಲಾರದೆಂದು ಮನಸ್ಸು ಕಲ್ಪಿಸತೊಡಗುತ್ತದೆ. ದೆವ್ವದ ಕಥೆಗೆ ಅಷ್ಟೇ ಸಾಕು.

ನೂರು ವರ್ಷ ತುಂಬಿದ ಪಾತ್ರೆ, ಕೊಡೆಗಳಿಗೆ ಜೀವ ಬರುವುದೆಂದು ಜಪಾನಿನ ಜನಪದರು ನಂಬಿದ್ದರು. ಇಂಗ್ಲೆಂಡಿನ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಪ್ರಕಟಿಸಿದ ಕೋತಿಯ ಪಂಜದ ಕಥೆಯಲ್ಲಂತೂ, ಕೇಡು ತರುವ ಆ ವಸ್ತುವನ್ನು ಸೈನಿಕನೊಬ್ಬನು ನಮ್ಮ ದೇಶದಿಂದಲೇ ಒಯ್ದಿರುತ್ತಾನೆ! ಭಯದ ಸರಕು ದೂರದಿಂದಲೇ ಬರಬೇಕೇನೋ.

ಕನ್ನಡ ನಾಡಿನ ಕೊಪ್ಪರಿಗೆಯ ಕಥೆ ಹಾಗಲ್ಲ. ಅದು ಊರ ಕೆರೆಯಲ್ಲಿಯೇ ಇದೆ. ಮದುವೆಯ ಮನೆಯವರು ದಂಡೆಯಲ್ಲಿ ನಿಂತು ಬೇಡಿಕೊಂಡರೆ, ಬೆಳಗಾಗುವಷ್ಟರಲ್ಲಿ ಪಾತ್ರೆಗಳು ನೀರಿನಿಂದ ಮೇಲೆ ಬರುತ್ತಿದ್ದವಂತೆ. ಕಾರ್ಯ ಮುಗಿದ ಮೇಲೆ ತೊಳೆದು ಒಪ್ಪಿಸಬೇಕು. ಯಾರೋ ಆಸೆಬುರುಕರು ಒಂದನ್ನು ಉಳಿಸಿಕೊಂಡರು; ಅಂದಿನಿಂದ ಕೆರೆ ಕೊಡುವುದನ್ನೇ ನಿಲ್ಲಿಸಿತು. ಇಲ್ಲಿ ರಕ್ತವಿಲ್ಲ, ಚೀತ್ಕಾರವಿಲ್ಲ. ಇಲ್ಲಿನ ಭಯ ಸಾವಿನದಲ್ಲ, ಹಿಂದಿರುಗಿಸದ ಪರರ ವಸ್ತುವಿನದು. ಕಥೆ ಕೇಳುತ್ತಿರುವ ಮಗುವಿನ ಕಣ್ಣು ಅಡಿಗೆಮನೆಯ ಮೂಲೆಗೆ ಹೊರಳುತ್ತದೆ: ನೆರೆಮನೆಯಿಂದ ತಂದ ಸೇರು ಇನ್ನೂ ಅಲ್ಲಿಯೇ ಇದೆಯಲ್ಲ!

ಈಗ ಮದುವೆಯ ಪಾತ್ರೆಗಳು ಬಾಡಿಗೆಗೆ ದೊರೆಯುತ್ತವೆ. ಲೆಕ್ಕವೆಲ್ಲ ಚೀಟಿಯಲ್ಲಿರುತ್ತದೆ, ಸೌಟೊಂದು ಕಡಿಮೆ ಬಿದ್ದರೆ ಅದರ ಬೆಲೆ ಕೊಟ್ಟು ಬರುತ್ತೇವೆ. ಕೊಪ್ಪರಿಗೆಯ ಕಥೆಯನ್ನು ಮಕ್ಕಳಿಗೆ ಹೇಳುವವರೂ ವಿರಳರಾಗುತ್ತಿದ್ದಾರೆ.