ಬೆಂಜೈಲ್ ಆಕ್ಸಜೋಲಿಡಿನೋನ್ ಸಂಶ್ಲೇಷಣೆ

4-ಬೆಂಜೈಲ್-2-ಆಕ್ಸಜೋಲಿಡಿನೋನ್ ಒಂದು ಸಾವಯವ ಸಂಯುಕ್ತ. ಮೂರು ಇಂಗಾಲ, ಒಂದು ಸಾರಜನಕ ಮತ್ತು ಒಂದು ಆಮ್ಲಜನಕ ಪರಮಾಣುಗಳಿಂದಾದ ಐದು ಸದಸ್ಯರ ಉಂಗುರ ಇದರಲ್ಲಿದೆ. ಪ್ರಯೋಗಾಲಯದಲ್ಲಿ ಇದನ್ನು ಫಿನೈಲ್‌ಅಲನಿನಾಲ್ ಎಂಬ ಅಮೈನೋ ಆಲ್ಕೋಹಾಲ್‌ನಿಂದ ತಯಾರಿಸುತ್ತಾರೆ. ಅಮೆರಿಕದ ರಸಾಯನ ವಿಜ್ಞಾನಿ ಡೇವಿಡ್ ಇವಾನ್ಸ್ (1941–2022) 1981ರಲ್ಲಿ ಬಳಕೆಗೆ ತಂದ ಆಕ್ಸಜೋಲಿಡಿನೋನ್ ವರ್ಗಕ್ಕೆ ಸೇರಿದ ಇದನ್ನು ಇವಾನ್ಸ್ ಸಹಾಯಕ ಎಂದೂ ಕರೆಯಲಾಗುತ್ತದೆ.

ಹಿನ್ನೆಲೆ

ಎಡಗೈ ಮತ್ತು ಬಲಗೈಗಳಂತೆ, ಕೆಲವು ಅಣುಗಳು ಪರಸ್ಪರ ಕನ್ನಡಿ ಪ್ರತಿಬಿಂಬಗಳಾದ ಎರಡು ರೂಪಗಳಲ್ಲಿರುತ್ತವೆ. ಇವುಗಳಿಗೆ ಕೈರಲ್ ಅಣುಗಳೆಂದು ಹೆಸರು. ಉದಾಹರಣೆಗೆ, ಕಾರ್ವೋನ್‌ನ ಒಂದು ರೂಪ ಪುದೀನಾದಲ್ಲಿದ್ದರೆ ಮತ್ತೊಂದು ಸಬ್ಬಸಿಗೆ ಬೀಜದಲ್ಲಿದೆ. ಎರಡರ ವಾಸನೆಯೂ ಬೇರೆ. ಔಷಧಗಳಲ್ಲಿ ಒಂದು ರೂಪ ಗುಣಕಾರಿಯಾಗಿದ್ದು ಇನ್ನೊಂದು ನಿರುಪಯುಕ್ತ ಅಥವಾ ಹಾನಿಕರವಾಗಿರಬಹುದು. ಆದ್ದರಿಂದ ಬೇಕಾದ ಒಂದೇ ರೂಪವನ್ನು ತಯಾರಿಸುವುದು ಮುಖ್ಯವಾಗುತ್ತದೆ.

ಆರಂಭಿಕ ವಸ್ತು

ಪ್ರೋಟೀನುಗಳಲ್ಲಿರುವ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವು ಪ್ರಧಾನವಾಗಿ 'ಎಸ್' ರೂಪದಲ್ಲಿಯೇ ದೊರೆಯುತ್ತದೆ. ಬೋರೇನ್ ಅಥವಾ ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡ್‌ನಿಂದ ಅದರ ಆಮ್ಲ ಗುಂಪನ್ನು ಅಪಕರ್ಷಿಸಿದಾಗ ಅದೇ ರೂಪದ ಫಿನೈಲ್‌ಅಲನಿನಾಲ್ ಉಂಟಾಗುತ್ತದೆ. ಇದರಲ್ಲಿ ಅಮೈನೋ ಮತ್ತು ಹೈಡ್ರಾಕ್ಸಿಲ್ ಗುಂಪುಗಳು ಅಕ್ಕಪಕ್ಕದ ಇಂಗಾಲಗಳ ಮೇಲಿರುತ್ತವೆ.

ತಯಾರಿಕೆ

ಫಿನೈಲ್‌ಅಲನಿನಾಲ್‌ಗೆ ಡೈಈಥೈಲ್ ಕಾರ್ಬೊನೇಟ್ ಮತ್ತು ಅಲ್ಪ ಪ್ರಮಾಣದ ಪೊಟ್ಯಾಸಿಯಂ ಕಾರ್ಬೊನೇಟ್ ಸೇರಿಸಿ, ತೇವ ತಗುಲದಂತೆ ಸುಮಾರು 135 °ಸೆ.ಗೆ ಕಾಯಿಸಲಾಗುತ್ತದೆ. ಮೊದಲು ಅಮೈನೋ ಗುಂಪು ಕಾರ್ಬೊನೇಟಿನ ಇಂಗಾಲದೊಡನೆ ಬಂಧ ಬೆಳೆಸಿ ಒಂದು ಎಥನಾಲ್ ಅಣುವನ್ನು ಹೊರದೂಡುತ್ತದೆ. ಬಳಿಕ ಹೈಡ್ರಾಕ್ಸಿಲ್ ಗುಂಪು ಅದೇ ಇಂಗಾಲವನ್ನು ಸೇರಿದಾಗ ಎರಡನೆಯ ಎಥನಾಲ್ ಅಣು ಹೊರಬಿದ್ದು ಉಂಗುರ ಮುಚ್ಚುತ್ತದೆ.

ಈ ಕ್ರಿಯೆ ಹಿಮ್ಮುಖವಾಗಿಯೂ ನಡೆಯಬಲ್ಲದು. ಎಥನಾಲ್‌ನ ಕುದಿಬಿಂದು 78 °ಸೆ. ಆಗಿದ್ದು, ಡೈಈಥೈಲ್ ಕಾರ್ಬೊನೇಟಿನದು ಸುಮಾರು 126 °ಸೆ. ಈ ಅಂತರದಿಂದಾಗಿ ಎಥನಾಲನ್ನು ಉಂಟಾದಂತೆಲ್ಲ ಬಟ್ಟಿ ಇಳಿಸಿ ತೆಗೆಯಬಹುದು. ಆಗ ಕ್ರಿಯೆ ಮುಂದಕ್ಕೇ ಸಾಗುತ್ತದೆ. ನಂತರ ಉತ್ಪನ್ನವನ್ನು ಸಾವಯವ ದ್ರಾವಕದಲ್ಲಿ ಕರಗಿಸಿ, ನೀರಿನಿಂದ ತೊಳೆದು ಲವಣವನ್ನು ಬೇರ್ಪಡಿಸಿ, ಈಥೈಲ್ ಅಸಿಟೇಟ್ ಮತ್ತು ಹೆಕ್ಸೇನ್ ಮಿಶ್ರಣದಿಂದ ಹರಳುಗಟ್ಟಿಸುತ್ತಾರೆ. ದೊರೆಯುವ ಬಿಳಿ ಹರಳುಗಳು ಸುಮಾರು 87 °ಸೆ.ನಲ್ಲಿ ಕರಗುತ್ತವೆ. 151 ಗ್ರಾಂ ಅಮೈನೋ ಆಲ್ಕೋಹಾಲ್‌ನಿಂದ ಸೈದ್ಧಾಂತಿಕವಾಗಿ ಗರಿಷ್ಠ 177 ಗ್ರಾಂ ಉತ್ಪನ್ನ ಸಿಗಬಹುದು.

ವೈಶಿಷ್ಟ್ಯ

ಕೈರಲ್ ಇಂಗಾಲದ ನಾಲ್ಕು ಬಂಧಗಳಲ್ಲಿ ಯಾವುದೂ ಈ ಕ್ರಿಯೆಯಲ್ಲಿ ಮುರಿಯುವುದಿಲ್ಲ. ಹೀಗಾಗಿ ಅಮೈನೋ ಆಮ್ಲದ 'ಎಸ್' ರೂಪವೇ ಉತ್ಪನ್ನದಲ್ಲಿಯೂ ಉಳಿಯುತ್ತದೆ. ಫಾಸ್ಜೀನ್ ಬಳಸಿಯೂ ಉಂಗುರವನ್ನು ಮುಚ್ಚಬಹುದು. ಆದರೆ ಅದು ಮೊದಲನೆಯ ಮಹಾಯುದ್ಧದಲ್ಲಿ ಅಸ್ತ್ರವಾಗಿ ಬಳಕೆಯಾದ ವಿಷಾನಿಲ. ಅದಕ್ಕೆ ಹೋಲಿಸಿದರೆ ಡೈಈಥೈಲ್ ಕಾರ್ಬೊನೇಟ್ ಬಹಳ ಸುರಕ್ಷಿತ. ಆದರೂ ಅದು ಸುಲಭವಾಗಿ ಹೊತ್ತಿಕೊಳ್ಳುವ ದ್ರವ.

ಉಪಯೋಗ

ಉಂಗುರದ ಸಾರಜನಕಕ್ಕೆ ಕಾರ್ಬಾಕ್ಸಿಲಿಕ್ ಆಮ್ಲದಿಂದ ಪಡೆದ ಅಸೈಲ್ ಗುಂಪನ್ನು ಜೋಡಿಸಿ ಈನೋಲೇಟ್ ಆಗಿಸಿದಾಗ, ಬೆಂಜೈಲ್ ಗುಂಪು ಅಣುವಿನ ಒಂದು ಬದಿಗೆ ಅಡ್ಡವಾಗಿ ನಿಲ್ಲುತ್ತದೆ. ಹೊಸ ಬಂಧ ಬಹುಮಟ್ಟಿಗೆ ಎದುರು ಬದಿಯಿಂದಲೇ ಏರ್ಪಡುವುದರಿಂದ ಉತ್ಪನ್ನದ ಒಂದು ರೂಪ ಹೆಚ್ಚಾಗಿ ದೊರೆಯುತ್ತದೆ. ಕೊನೆಯಲ್ಲಿ ಲಿಥಿಯಂ ಹೈಡ್ರೊಪೆರಾಕ್ಸೈಡ್‌ನಿಂದ ಬೇಕಾದ ಆಮ್ಲವನ್ನು ಬಿಡಿಸಿಕೊಂಡು, ಆಕ್ಸಜೋಲಿಡಿನೋನನ್ನು ಮರಳಿ ಪಡೆದು ಪುನಃ ಬಳಸಬಹುದು.